ಮೊದಲ ವಿಮಾನವಾಹಕ ನೌಕೆಯ ಅಳತೆ

ವಿಮಾನಗಳನ್ನು ಹೊತ್ತು ಕಡಲಲ್ಲಿ ಸಂಚರಿಸುವ ನೌಕೆಯೊಂದನ್ನು ಮೊದಲ ಬಾರಿಗೆ ಪಡೆಯಬಯಸುವ ರಾಷ್ಟ್ರವು ಅದರ ಗಾತ್ರವನ್ನು ಹೇಗೆ ನಿಶ್ಚಯಿಸುತ್ತದೆ? ಬೊಕ್ಕಸದಲ್ಲಿರುವ ಹಣಕ್ಕೆ ತಕ್ಕ ಹಡಗನ್ನು ಕೊಳ್ಳುವುದೆಂದು ನಮಗೆ ತೋರುವುದು ಸಹಜ. ಆದರೆ ಈ ಲೆಕ್ಕವು ಆರಂಭವಾಗಬೇಕಾದುದು ಹಡಗಿನಿಂದಲ್ಲ, ವಿಮಾನದಿಂದ.

ನೆಲದ ಮೇಲೆ ಯುದ್ಧವಿಮಾನಕ್ಕೆ ಬಹು ದೂರದ ಓಟವುಂಟು. ಹಡಗಿನ ಡೆಕ್ಕಿನ ಮೇಲೆ ಅಷ್ಟು ಎಡೆಯೆಲ್ಲಿ? ಆದುದರಿಂದ ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸಿ ವೇಗವಾಗಿ ನಡೆಸುತ್ತಾರೆ. ಗಾಳಿಯ ವೇಗವೂ ಹಡಗಿನ ವೇಗವೂ ಕೂಡಿ ರೆಕ್ಕೆಗಳಿಗೆ ಒದಗುತ್ತವೆ. ಇದರ ಮೇಲೆ ಉಗಿಯ ಕವಣೆಯೊಂದು ವಿಮಾನವನ್ನು ಮುಂದಕ್ಕೆ ಎಸೆಯುತ್ತದೆ. ಇಳಿಯುವಾಗ ಡೆಕ್ಕಿಗೆ ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗವು ಬಾಲದ ಕೊಕ್ಕೆಗೆ ಸಿಕ್ಕಿ ಅದನ್ನು ಹಿಡಿದು ನಿಲ್ಲಿಸುತ್ತದೆ. ವಿಮಾನವು ಭಾರವಾದಂತೆ ಕವಣೆಯು ಉದ್ದವಾಗಬೇಕು, ಹಗ್ಗಗಳು ಬಲಿಯಬೇಕು, ಡೆಕ್ಕು ಹಿಗ್ಗಬೇಕು. ಇವನ್ನೆಲ್ಲ ಹೊತ್ತು ಅದೇ ವೇಗದಲ್ಲಿ ಓಡಲು ಯಂತ್ರಗಳೂ ಎಣ್ಣೆಯೂ ಹೆಚ್ಚಬೇಕು.

ಶಾಸ್ತ್ರವು ಹೀಗಿದ್ದರೂ ಭಾರತದ ಮೊದಲ ವಾಹಕ ನೌಕೆಯ ಅಳತೆಯನ್ನು ಗೊತ್ತುಮಾಡಿದವರು ಭಾರತದವರಲ್ಲ! ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟಿಷರಿಗೆ ಶೀಘ್ರವಾಗಿ ಕಟ್ಟಬಹುದಾದ ವಾಹಕಗಳು ಬೇಕಾಗಿದ್ದವು. ವರ್ತಕ ಹಡಗುಗಳನ್ನು ಕಟ್ಟುವ ಕಾರ್ಖಾನೆಗಳಿಗೂ ಸಾಧ್ಯವಾಗುವಂತೆ ಅವರು ಸಾಧಾರಣ ಗಾತ್ರದ ನೌಕೆಯ ನಕ್ಷೆಯನ್ನು ಸಿದ್ಧಪಡಿಸಿದರು. ಯುದ್ಧವು ಮುಗಿದಾಗ ಹಲವು ಒಡಲುಗಳು ಅರೆಗೆಲಸದಲ್ಲಿ ನಿಂತವು. ಅವುಗಳಲ್ಲೊಂದಾದ ‘ಹರ್ಕ್ಯುಲಿಸ್’ ಅನ್ನು ಭಾರತವು 1957ರಲ್ಲಿ ಕೊಂಡುಕೊಂಡಿತು. ಬೆಲ್‌ಫಾಸ್ಟಿನಲ್ಲಿ ಓರೆಯಾದ ಇಳಿದಾಣವನ್ನೂ ಉಗಿಯ ಕವಣೆಯನ್ನೂ ಜೋಡಿಸಿದ ಬಳಿಕ, 1961ರ ಮಾರ್ಚಿ 4ರಂದು ಅದು ‘ವಿಕ್ರಾಂತ’ವಾಯಿತು. ಉದ್ದ 700 ಅಡಿ. ವೇಗ ಗಂಟೆಗೆ ಸುಮಾರು 28 ಮೈಲಿ. ಆಸ್ಟ್ರೇಲಿಯವೂ ಕೆನಡವೂ ಇದೇ ವರ್ಗದ ಹಡಗುಗಳನ್ನು ಪಡೆದವು. ಮೂರು ರಾಷ್ಟ್ರಗಳ ಅಗತ್ಯಗಳು ಒಂದೇ ಆಗಿದ್ದುವೆಂದಲ್ಲ; ಹೊಲಿದಿಟ್ಟ ಅಂಗಿಯು ಅಗ್ಗವಾಗಿ ದೊರೆಯುತ್ತಿದ್ದಿತು, ಮೈಯನ್ನು ಅದಕ್ಕೆ ಒಗ್ಗಿಸಿಕೊಂಡರು. ಇದನ್ನು ಅವಿವೇಕವೆನ್ನಲು ನಮಗೆ ಮನಸ್ಸಿಲ್ಲ. ಹೊಸದನ್ನು ಕಟ್ಟಿಸಲು ಹೊರಟಿದ್ದರೆ ಅದೆಷ್ಟು ವರ್ಷ ಕಾಯಬೇಕಾಗುತ್ತಿತ್ತೋ!

ಆದರೆ ಚಿಕ್ಕ ನೌಕೆಯಲ್ಲಿ ಮಿಗಿಲು ಶಕ್ತಿಯಿರುವುದಿಲ್ಲ. 1971ರಲ್ಲಿ ಯುದ್ಧದ ಮೋಡಗಳು ಕವಿಯುತ್ತಿದ್ದಾಗ ವಿಕ್ರಾಂತದ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕುಬಿಟ್ಟಿತ್ತು; ವೇಗವು ತಗ್ಗಿತು. ವೇಗ ತಗ್ಗಿದರೆ ಡೆಕ್ಕಿನ ಮೇಲಣ ಗಾಳಿಯೂ ತಗ್ಗುತ್ತದೆಂಬುದನ್ನು ವಾಚಕರು ನೆನೆಯಬೇಕು. ಬಾಯ್ಲರಿನ ಬಿರುಕು ನೇರವಾಗಿ ವೈಮಾನಿಕನ ಪ್ರಾಣದ ಪ್ರಶ್ನೆಯಾಗುವುದು ಹೀಗೆ. ಆದರೂ ಆ ಡಿಸೆಂಬರ್ 4ರಂದು ಅದರ ‘ಸೀ ಹಾಕ್’ ವಿಮಾನಗಳು ಬಂಗಾಳ ಕೊಲ್ಲಿಯಿಂದೆದ್ದು ಕಾಕ್ಸ್ ಬಜಾರಿನ ಮೇಲೆ ಎರಗಿದವು.

ಸೀ ಹಾಕ್ ತುಂಬು ಭಾರದಲ್ಲಿ ಸುಮಾರು 7 ಟನ್ನು ಮಾತ್ರ. ಮುಂದೆ ಬಂದ ವಿಮಾನಗಳು ಬೆಳೆದವು; ಹಡಗು ಬೆಳೆಯಲಿಲ್ಲ. 1983ರಿಂದ ಬಂದ ‘ಸೀ ಹ್ಯಾರಿಯರ್’ ನೆಟ್ಟಗೆ ಕೆಳಕ್ಕಿಳಿಯಬಲ್ಲ ಜಾತಿಯದಾದುದರಿಂದ ಹಳೆಯ ಡೆಕ್ಕಿಗೆ ಇನ್ನಷ್ಟು ಆಯುಷ್ಯ ದೊರೆಯಿತು. 1997ರಲ್ಲಿ ವಿಕ್ರಾಂತವು ಸೇವೆಯಿಂದ ನಿವೃತ್ತವಾಯಿತು.

ಹಾಗಾದರೆ ಒಮ್ಮೆಗೇ ದೊಡ್ಡದನ್ನು ಪಡೆಯಬಾರದೇಕೆ? ಹಡಗು ರಿಪೇರಿಗಾಗಿ ತಿಂಗಳುಗಟ್ಟಲೆ ಕಟ್ಟೆಯಲ್ಲಿ ನಿಲ್ಲಬೇಕಾಗುತ್ತದೆ. ಇರುವುದು ಒಂದೇ ಆದರೆ ಆಗ ಒಂದೂ ಇಲ್ಲ. ಚಿಕ್ಕವೆರಡು ಲೇಸೆಂಬ ವಾದಕ್ಕೆ ಇದೇ ಬಲ. ಚಿಕ್ಕದರ ಮೇಲಿಂದ ಬೇಕಾದ ವಿಮಾನವು ಏಳಲಾರದಿದ್ದರೆ ಎರಡಿದ್ದೂ ಫಲವೇನೆಂಬುದು ಎದುರುವಾದ. ಎರಡನೆಯದರ ಕಡೆಗೇ ನಮ್ಮ ಒಲವು. ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ಸೇವೆಗೆ ಸೇರಿಸಿದ ಹೊಸ ವಿಕ್ರಾಂತವು ‘ಮಿಗ್-29ಕೆ’ಯನ್ನು ಹೊರಬೇಕಾಗಿತ್ತು. ಆ ವಿಮಾನದ ತುಂಬು ಭಾರವು ಸೀ ಹಾಕ್‌ನ ಮೂರುಪಟ್ಟಿಗೂ ಮೀರಿದುದು. ಕವಣೆಯ ಬದಲು ಮೂತಿಯೆತ್ತಿದ ಇಳಿಜಾರನ್ನು ಇರಿಸಿಕೊಂಡಿದ್ದರೂ ಈ ಹಡಗಿನ ತೂಕವು 40 ಸಾವಿರ ಟನ್ನನ್ನು ದಾಟಿತು; ಹಳೆಯದರ ಎರಡರಷ್ಟಕ್ಕೂ ಹೆಚ್ಚು.