ಕಟ್ಟಡ ಸಂಸ್ಥೆಯದು, ಪದವಿ ಸರ್ಕಾರದ್ದು

ಕಲ್ಕತ್ತ, ಬಾಂಬೆ, ಮದ್ರಾಸುಗಳಲ್ಲಿ 1857ರಲ್ಲಿ ಹುಟ್ಟಿದ ದೇಶದ ಮೊದಲ ಮೂರು ಆಧುನಿಕ ವಿಶ್ವವಿದ್ಯಾಲಯಗಳಲ್ಲಿ ಪಾಠವೇ ನಡೆಯುತ್ತಿರಲಿಲ್ಲ. ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಕಾಯ್ದೆ ಮಾಡಿ ಕಟ್ಟಿದ ಈ ಸಂಸ್ಥೆಗಳು ಪಠ್ಯ ಗೊತ್ತುಮಾಡಿ, ಪರೀಕ್ಷೆ ನಡೆಸಿ, ಪಾಸಾದವರಿಗೆ ಪದವಿ ಕೊಡುತ್ತಿದ್ದವು, ಅಷ್ಟೇ. ಪಾಠ ಹೇಳುವುದು ಕಾಲೇಜುಗಳ ಕೆಲಸ. ಅವುಗಳಲ್ಲಿ ಕೆಲವು ಸರ್ಕಾರದವು, ಉಳಿದವು ಮಿಷನರಿಗಳವು, ಊರಿನ ಸಂಘಗಳವು. ಖಾಸಗಿಯವರು ನಡೆಸುವ ಶಾಲೆ, ಕಾಲೇಜುಗಳಿಗೆ ಸಹಾಯಧನ ಕೊಡಬೇಕೆಂಬುದು ಅದಕ್ಕೂ ಮೊದಲೇ, 1854ರ ವುಡ್ ವರದಿಯಲ್ಲೇ ಇತ್ತು. ಕಟ್ಟುವವರು ಯಾರಾದರೂ ಆಗಬಹುದು, ಪದವಿಯ ಮೊಹರು ಮಾತ್ರ ಸರ್ಕಾರದ ಕಾಯ್ದೆಯಿಂದಲೇ ಬರಬೇಕು. ಭಾರತದ ಉನ್ನತ ಶಿಕ್ಷಣ ಇಂದಿಗೂ ನಿಂತಿರುವುದು ಈ ಏರ್ಪಾಟಿನ ಮೇಲೆ.

ಕನ್ನಡ ನಾಡಿನಲ್ಲಿ 1916ನೇ ಇಸವಿ ಎರಡೂ ದಾರಿಗಳನ್ನು ತೆರೆಯಿತು. ಆ ವರ್ಷದ ಜುಲೈನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನ ತನ್ನದೇ ಮೈಸೂರು ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಅಲ್ಲಿಯವರೆಗೆ ಮದ್ರಾಸಿನ ಪರೀಕ್ಷೆಗೆ ಕಾಯಬೇಕಿದ್ದ ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಹೊಸ ವಿವಿಯ ತೆಕ್ಕೆಗೆ ಬಂದವು. ಅದೇ ವರ್ಷ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕೆಎಲ್‌ಇ ಸಂಸ್ಥೆಯನ್ನು ಆರಂಭಿಸಿದರು. ಅವರ ಬೆನ್ನಿಗೆ ಖಜಾನೆ ಇರಲಿಲ್ಲ, ಜನರ ದೇಣಿಗೆ ಇತ್ತು. ಶಿರಸಂಗಿ ಲಿಂಗರಾಜರ ಹೆಸರಿನ ಲಿಂಗರಾಜ ಕಾಲೇಜು 1933ರಲ್ಲಿ ಆರಂಭವಾದದ್ದು ಈ ಸಂಸ್ಥೆಯಿಂದಲೇ. ಆ ಕಾಲದಲ್ಲಿ ಖಾಸಗಿ ಎಂದರೆ ಸಮಾಜದ್ದು ಎಂದೇ ಅರ್ಥ. ಟಾಟಾ ದತ್ತಿಯಿಂದ, ಮೈಸೂರು ಅರಸರು ಕೊಟ್ಟ 371 ಎಕರೆ ಜಮೀನಿನಲ್ಲಿ 1909ರಲ್ಲಿ ತಲೆಯೆತ್ತಿದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಇಂದು ಯಾರೂ ಖಾಸಗಿ ಎನ್ನುವುದಿಲ್ಲ.

ಸ್ವಾತಂತ್ರ್ಯದ ನಂತರ 1956ರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಾಯ್ದೆ ಹಳೆಯ ಏರ್ಪಾಟನ್ನೇ ಭದ್ರಪಡಿಸಿತು. ಕೇಂದ್ರದ ಅಥವಾ ರಾಜ್ಯದ ಕಾಯ್ದೆಯಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯಗಳನ್ನು ಬಿಟ್ಟು ಬೇರಾರೂ ಪದವಿ ಕೊಡುವಂತಿಲ್ಲ ಎಂದು ಅದರ 22ನೇ ಸೆಕ್ಷನ್ ಸಾರಿತು. 3ನೇ ಸೆಕ್ಷನ್ ಮಾತ್ರ ಒಂದು ಪಕ್ಕದ ಬಾಗಿಲು ಇಟ್ಟಿತು: ವಿಶೇಷ ಸಾಧನೆಯ ಸಂಸ್ಥೆಯನ್ನು ವಿಶ್ವವಿದ್ಯಾಲಯವೆಂದೇ ಪರಿಗಣಿಸಲು ಕೇಂದ್ರಕ್ಕೆ ಅಧಿಕಾರ. ‘ಡೀಮ್ಡ್’ ಎಂಬ ಮಾತು ಬಂದದ್ದು ಇಲ್ಲಿಂದ. 1958ರಲ್ಲಿ ಈ ಮನ್ನಣೆ ಮೊದಲಿಗೆ ಸಿಕ್ಕಿದವುಗಳಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯೂ ಒಂದು.

ಖಾಸಗಿ ಎಂಬುದಕ್ಕೆ ಹೊಸ ಅರ್ಥ ಬಂದದ್ದು ಉಡುಪಿಯ ಬಳಿಯ ಗುಡ್ಡದ ಮೇಲೆ. ವೈದ್ಯರೂ ಬ್ಯಾಂಕು ಕಟ್ಟಿದವರೂ ಆಗಿದ್ದ ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದಾಗ, ವೈದ್ಯಕೀಯ ಶಿಕ್ಷಣದಷ್ಟು ದುಬಾರಿ ಕೆಲಸಕ್ಕೆ ಸರ್ಕಾರದ ಬೆಂಬಲವಿಲ್ಲದೆ ಕೈಹಾಕುವುದು ಹುಚ್ಚು ಸಾಹಸವಾಗಿ ಕಾಣುವಂತಿತ್ತು. ಕಾಲೇಜಿನ ಖರ್ಚನ್ನು ವಿದ್ಯಾರ್ಥಿಗಳು ಕೊಡುವ ಹಣದಿಂದ ತೂಗಿಸುವುದು ಪೈಗಳ ಲೆಕ್ಕ. ಆದರೆ ವೈದ್ಯ ವಿದ್ಯಾರ್ಥಿಗೆ ರೋಗಿಗಳೂ ಬೇಕಲ್ಲ. ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ವಾರ್ಡುಗಳೇ ಕಲಿಕೆಯ ಕೋಣೆಗಳಾದವು. ಪದವಿಯನ್ನು ಕೊಟ್ಟದ್ದು ಮೊದಲು ಕರ್ನಾಟಕ ವಿಶ್ವವಿದ್ಯಾಲಯ, ನಂತರ ಮೈಸೂರು. ಬಂಡವಾಳ ಖಾಸಗಿ, ಹಾಸಿಗೆ ಸರ್ಕಾರಿ, ಅಂಕಪಟ್ಟಿ ಸರ್ಕಾರಿ. ನಾಲ್ಕು ದಶಕಗಳ ಬಳಿಕ, 1993ರಲ್ಲಿ, ಡೀಮ್ಡ್ ಸ್ಥಾನ ಸಿಕ್ಕಮೇಲಷ್ಟೇ ಮಣಿಪಾಲ ತನ್ನ ಪದವಿಯನ್ನು ತಾನೇ ಕೊಡತೊಡಗಿತು.

ಈ ಮಾದರಿ ಬಲು ಬೇಗ ಹಬ್ಬಿತು. 1980ರ ದಶಕದ ಹೊತ್ತಿಗೆ ಕರ್ನಾಟಕದ ಊರೂರಲ್ಲಿ ಅನುದಾನರಹಿತ ಎಂಜಿನಿಯರಿಂಗ್ ಕಾಲೇಜುಗಳು ತೆರೆದಿದ್ದವು, ಉತ್ತರ ಭಾರತದ ಹುಡುಗರು ರೈಲು ಹತ್ತಿ ಬರುತ್ತಿದ್ದರು. ಸೀಟಿನ ಹೆಸರಲ್ಲಿ ಪಡೆಯುವ ‘ಡೊನೇಷನ್’ ಮನೆಮಾತಾಯಿತು. ಇದನ್ನು ತಡೆಯಲೆಂದೇ ರಾಜ್ಯ 1984ರಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಆದರೆ ಅದೇ ಕಾಯ್ದೆಯಡಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಶುಲ್ಕ ನಿಗದಿಮಾಡಿತು. ಒಂದೇ ಬೆಂಚಿನಲ್ಲಿ ಕೂತ ಮೂವರಿಗೆ ಮೂರು ದರ.

ಈ ದರವನ್ನು ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಮೋಹಿನಿ ಜೈನ್ ಪ್ರಕರಣವೆಂದೇ ಹೆಸರಾದ 1992ರ ತೀರ್ಪು, 60,000 ರೂಪಾಯಿ ಎಂಬುದು ಬೇರೆ ಹೆಸರಿನ ಕ್ಯಾಪಿಟೇಷನ್ನೇ ಎಂದು ಹೇಳಿ ಅದನ್ನು ರದ್ದುಮಾಡಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳನ್ನು ಅರ್ಧಕ್ಕರ್ಧ ಪಾಲು ಮಾಡಿತು: ಅರ್ಧ ಸರ್ಕಾರಿ ಶುಲ್ಕದ ‘ಫ್ರೀ ಸೀಟು’, ಇನ್ನರ್ಧ ‘ಪೇಮೆಂಟ್ ಸೀಟು’. ಎರಡಕ್ಕೂ ಅಂಕವೇ ಆಧಾರ. ಕರ್ನಾಟಕದಲ್ಲಿ 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ಘಟಕ ಹುಟ್ಟಿದ್ದು ಇದರ ಬೆನ್ನಲ್ಲೇ. ದೂರದ ಹಳ್ಳಿಗಳಿಂದ ಬಂದ ಮಕ್ಕಳು, ಅಪ್ಪ ಅಮ್ಮಂದಿರು ಮೂಲ ಅಂಕಪಟ್ಟಿ ಹಿಡಿದು ಬೆಂಗಳೂರಿನ ಕೌನ್ಸೆಲಿಂಗ್ ಸಭಾಂಗಣದಲ್ಲಿ ಕಾಯುತ್ತಿದ್ದರು. ಯಾವ ಕಾಲೇಜಿನಲ್ಲಿ ಎಷ್ಟು ಸೀಟು ಉಳಿದಿದೆ ಎಂಬುದು ಎಲ್ಲರಿಗೂ ಕಾಣುತ್ತಿತ್ತು. ಶಿಫಾರಸಿಲ್ಲದೆ, ರ‍್ಯಾಂಕ್ ಒಂದನ್ನೇ ನೆಚ್ಚಿ ಸೀಟು ಪಡೆಯಬಹುದು ಎಂಬ ನಂಬಿಕೆಯನ್ನು ರಾಜ್ಯದ ಬಡ ಮತ್ತು ಮಧ್ಯಮವರ್ಗದ ಮನೆಗಳಿಗೆ ತಂದುಕೊಟ್ಟದ್ದು ಈ ವ್ಯವಸ್ಥೆ. ಆ ನಂಬಿಕೆಯ ಬೆಲೆ ದೊಡ್ಡದು.

ಈ ಸೀಟು ಹಂಚಿಕೆಯನ್ನು ಒಪ್ಪದ ಸಂಸ್ಥೆಗಳು ಕೋರ್ಟಿಗೆ ಹೋದವು. 2002ರ ಅಕ್ಟೋಬರ್ 31ರಂದು 11 ನ್ಯಾಯಮೂರ್ತಿಗಳ ಪೀಠ ಕೊಟ್ಟ ತೀರ್ಪು ಮಣಿಪಾಲದ ಸ್ಥಾಪಕರ ಹೆಸರನ್ನೇ ಹೊತ್ತಿದೆ: ಟಿಎಂಎ ಪೈ ಪ್ರತಿಷ್ಠಾನ ವಿರುದ್ಧ ಕರ್ನಾಟಕ ರಾಜ್ಯ. ವಿದ್ಯಾಸಂಸ್ಥೆ ಕಟ್ಟುವುದು ಸಂವಿಧಾನ ಕೊಟ್ಟ ಹಕ್ಕು, ಅನುದಾನ ಪಡೆಯದ ಸಂಸ್ಥೆ ಶುಲ್ಕವನ್ನು ತಾನೇ ಗೊತ್ತುಮಾಡಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗಿಸಿಕೊಳ್ಳಬಹುದು, ಲಾಭಕೋರತನ ಸಲ್ಲದು ಎಂದಿತು ಪೀಠ. ಉನ್ನಿಕೃಷ್ಣನ್ ಸೀಟು ಹಂಚಿಕೆ ಬಿದ್ದುಹೋಯಿತು. ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ಮೀಸಲಾತಿ ಹೇರುವಂತಿಲ್ಲ ಎಂದು 2005ರಲ್ಲಿ ಇನಾಂದಾರ್ ತೀರ್ಪು ಬಂತು. ಸಂಸತ್ತು ಸಂವಿಧಾನದ 93ನೇ ತಿದ್ದುಪಡಿಯ ಮೂಲಕ ಆ ಮೀಸಲಾತಿಗೆ ದಾರಿ ಮಾಡಿಕೊಂಡಿತು. ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳ ಒಕ್ಕೂಟ ಕಾಮೆಡ್‌-ಕೆ ತನ್ನದೇ ಪ್ರವೇಶ ಪರೀಕ್ಷೆ ಶುರುಮಾಡಿತು. ಸಿಇಟಿಗೆಷ್ಟು ಸೀಟು, ಕಾಮೆಡ್‌-ಕೆಗೆಷ್ಟು, ಮ್ಯಾನೇಜ್‌ಮೆಂಟಿಗೆಷ್ಟು, ಶುಲ್ಕವೆಷ್ಟು ಎಂಬುದು ಸರ್ಕಾರ ಮತ್ತು ಸಂಸ್ಥೆಗಳ ನಡುವಿನ ಮಾತುಕತೆಯ ವಿಷಯವಾಯಿತು.

ಅಷ್ಟರಲ್ಲಿ ಜಗಳ ಸೀಟಿನಿಂದ ಮೊಹರಿಗೇ ಏರಿತ್ತು. ಛತ್ತೀಸಗಢ 2002ರಲ್ಲಿ ಮಾಡಿದ ಕಾಯ್ದೆಯಡಿ ಬರೀ ರಾಜ್ಯಪತ್ರದ ಅಧಿಸೂಚನೆಯಿಂದಲೇ ಖಾಸಗಿ ವಿಶ್ವವಿದ್ಯಾಲಯ ಸ್ಥಾಪಿಸಬಹುದಿತ್ತು. ನೋಡನೋಡುತ್ತಿದ್ದಂತೆ ಅಲ್ಲಿ ನೂರಕ್ಕೂ ಹೆಚ್ಚು ವಿವಿಗಳು ಹುಟ್ಟಿದವು. ಹಲವಕ್ಕೆ ಕ್ಯಾಂಪಸ್ ಇರಲಿಲ್ಲ, ಇದ್ದದ್ದು ಒಂದೆರಡು ಕೋಣೆಯ ಕಚೇರಿ. ವಿಜ್ಞಾನಿ, ಯುಜಿಸಿಯ ಮಾಜಿ ಅಧ್ಯಕ್ಷ ಯಶ್‌ಪಾಲ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2005ರ ಫೆಬ್ರವರಿಯ ತೀರ್ಪು ಆ ಸೆಕ್ಷನ್‌ಗಳನ್ನು ತೆಗೆದುಹಾಕಿತು, ವಿವಿಗಳು ಅಳಿದವು. ಇಳಿವಯಸ್ಸಿನಲ್ಲಿ ಪದವಿಯ ಮರ್ಯಾದೆ ಕಾಯಲು ನಿಂತ ಆ ಹಿರಿಯರಿಗೆ ದೇಶ ಋಣಿಯಾಗಿರಬೇಕು.

ಕರ್ನಾಟಕ ಒಂದೊಂದು ಖಾಸಗಿ ವಿವಿಗೂ ಪ್ರತ್ಯೇಕ ಕಾಯ್ದೆ ಮಾಡುವ ದಾರಿ ಹಿಡಿಯಿತು. ಅಜೀಂ ಪ್ರೇಮ್‌ಜಿ ಮತ್ತು ಅಲಯನ್ಸ್ ವಿಶ್ವವಿದ್ಯಾಲಯಗಳು 2010ರ ಕಾಯ್ದೆಗಳಿಂದ ಬಂದವು. 1947ರಲ್ಲಿ ಆರಂಭವಾದ ಹುಬ್ಬಳ್ಳಿಯ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಆಮೇಲೆ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಏಳು ಶಿಕ್ಷಕರು ಕಟ್ಟಿದ ಸಂಸ್ಥೆಯ ಈ ಕಾಲೇಜು ತನ್ನದೇ ಪದವಿ ಕೊಡುವಂತಾಯಿತು.

ಕೇಂದ್ರ ಸರ್ಕಾರದ 2021–22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ 1,168 ವಿಶ್ವವಿದ್ಯಾಲಯಗಳಿದ್ದವು; ಅವುಗಳಲ್ಲಿ 473 ಅನುದಾನರಹಿತ ಖಾಸಗಿ. ಕಾಲೇಜುಗಳ ಲೆಕ್ಕ ಹಿಡಿದರೆ ಐದರಲ್ಲಿ ನಾಲ್ಕರ ಹತ್ತಿರ ಖಾಸಗಿಯವರದೇ. ಅರ್ಹ ವಯಸ್ಸಿನ ಲಕ್ಷ ಜನಕ್ಕೆ 66 ಕಾಲೇಜುಗಳಿದ್ದ ಕರ್ನಾಟಕ ಆ ಸಮೀಕ್ಷೆಯಲ್ಲಿ ದೇಶಕ್ಕೇ ಮೊದಲಾಗಿತ್ತು. ಖಾಸಗಿ ವಿವಿ ಹೊರಗಿನ ಕಾಲೇಜುಗಳನ್ನು ತನ್ನಡಿ ಸೇರಿಸಿಕೊಳ್ಳುವಂತಿಲ್ಲ ಎಂಬುದು ಯುಜಿಸಿಯ 2003ರ ನಿಯಮ. ಹಾಗಾಗಿ ಊರೂರಿನ ಪದವಿ ಕಾಲೇಜುಗಳ ಪ್ರಶ್ನೆಪತ್ರಿಕೆ, ಮೌಲ್ಯಮಾಪನ, ಘಟಿಕೋತ್ಸವದ ಹೊರೆಯೆಲ್ಲ ಸರ್ಕಾರಿ ವಿವಿಗಳ ಹೆಗಲ ಮೇಲೇ ಉಳಿದಿದೆ. ಆ ಹೊರೆಗೆ ತಕ್ಕ ಅನುದಾನ ಬರುತ್ತಿಲ್ಲ. ತರಗತಿಗಳು ನಡೆಯುತ್ತಿರುವುದು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರಿಂದ. ಬೀದರ್, ಕೊಪ್ಪಳ, ಹಾವೇರಿ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರಗಳಿಗೆ ರಾಜ್ಯ ಸರ್ಕಾರ ಈಚೆಗೆ ಕೊಟ್ಟ ಹೊಸ ವಿಶ್ವವಿದ್ಯಾಲಯಗಳು ಹಣ, ಜಮೀನು, ಸಿಬ್ಬಂದಿ ಮೂರಕ್ಕೂ ಪರದಾಡಿದವು. ಇವುಗಳಲ್ಲಿ ಹೆಚ್ಚಿನವನ್ನು ಮುಚ್ಚಿ, ಅವುಗಳ ಕಾಲೇಜುಗಳನ್ನು ಹಳೆಯ ಮಾತೃ ವಿವಿಗಳಿಗೇ ಮರಳಿಸಬೇಕೆಂದು ಸಚಿವ ಸಂಪುಟದ ಉಪಸಮಿತಿ 2025ರಲ್ಲಿ ಶಿಫಾರಸು ಮಾಡಿತು.