ಕಂದನ ಬೀಜದಲ್ಲಿ ಗಂಟೇ? ಗಾಬರಿ ಬೇಡ, ಮುಚ್ಚಿಡಲೂ ಬೇಡ

ಮೊಳಕಾಲ್ಮೂರಿನಲ್ಲಿರುವ ನನ್ನ ನಾದಿನಿ ಒಂದು ಬೆಳಗ್ಗೆ ಫೋನ್ ಮಾಡಿ ಪಿಸುದನಿಯಲ್ಲಿ ಹೇಳಿದಳು: ‘ಅತ್ತಿಗೆ, ಮಗೂಗೆ ಎಣ್ಣೆ ಹಚ್ಚುವಾಗ ಒಂದು ಬೀಜದಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ತು. ನೋವೇನೂ ಇಲ್ಲ. ಯಾರಿಗೂ ಹೇಳ್ಬೇಡಿ.’

ಮಗುವಿಗೆ ಮೂರು ವರ್ಷ. ‘ವಾಯು ಕಣೇ, ತಾನೇ ಇಳಿಯುತ್ತೆ’ ಅಂದಿದ್ದರಂತೆ ಅವಳ ಅತ್ತೆ. ಇವಳಿಗೋ ಕ್ಯಾನ್ಸರ್ ಭಯ. ಭಯ, ನಾಚಿಕೆಗಳ ನಡುವೆ ಹದಿನೈದು ದಿನ ಕಳೆದೇ ಹೋಗಿತ್ತು.

ಚಳ್ಳಕೆರೆಗೆ ಕರೆಸಿಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿದೆವು. ಅವರು ದಾವಣಗೆರೆಯ ಮಕ್ಕಳ ಶಸ್ತ್ರಚಿಕಿತ್ಸಾ ತಜ್ಞರ ಬಳಿ ಕಳಿಸಿದರು. ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ಗಂಟು ಈರುಳ್ಳಿ ಹೆಚ್ಚಿದಂತೆ ಪದರಪದರವಾಗಿ ಕಂಡಿತು. ‘ಎಪಿಡರ್ಮಾಯ್ಡ್ ಸಿಸ್ಟ್ ಇರಬಹುದು, ಅಪರೂಪ, ಆದರೆ ಅಪಾಯವಿಲ್ಲ’ ಎಂದರು. ರಕ್ತದ ಆಲ್ಫಾ ಫೀಟೋಪ್ರೋಟೀನ್ ಪರೀಕ್ಷೆಯೂ ಸರಿಯಿತ್ತು. (ಎಳೆಗೂಸುಗಳಲ್ಲಿ ಇದು ಸಹಜವಾಗೇ ಹೆಚ್ಚಿರುತ್ತದೆ, ರಿಪೋರ್ಟ್ ನೋಡಿ ನೀವೇ ಹೆದರಬೇಡಿ.) ತೊಡೆಸಂದಿಯಲ್ಲಿ ಸಣ್ಣ ಗಾಯ ಮಾಡಿ ಗಂಟನ್ನಷ್ಟೇ ತೆಗೆದು ಬೀಜ ಉಳಿಸಿದರು. ಲ್ಯಾಬ್ ವರದಿಯೂ ಅದನ್ನೇ ಹೇಳಿತು.

ಹರೆಯಕ್ಕೆ ಮುನ್ನ ಮಕ್ಕಳ ವೃಷಣದಲ್ಲಿ ಗಡ್ಡೆ ಕಾಣುವುದೇ ಅಪರೂಪ. ಕಂಡರೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದರೆ ಯಾವುದು ಏನೆಂದು ಕೈಯಲ್ಲಿ ಮುಟ್ಟಿ ಹೇಳಲಾಗದು. ಅದಕ್ಕೇ ಸ್ಕ್ಯಾನ್ ಬೇಕು.

ಅಮ್ಮಂದಿರೇ, ಇವಿಷ್ಟು ನೆನಪಿರಲಿ:

* ಚೀಲದಲ್ಲಿ ನೀರು ತುಂಬುವ ಹೈಡ್ರೋಸಿಲ್ ಹಸುಗೂಸುಗಳಲ್ಲಿ ಸಾಮಾನ್ಯ. ಬಹಳಷ್ಟು ಮಕ್ಕಳಲ್ಲಿ ಒಂದೆರಡು ವರ್ಷದೊಳಗೆ ತಾನೇ ಹೋಗುತ್ತದೆ. ಆದರೂ ಡಾಕ್ಟರು ನೋಡಿಯೇ ಹೇಳಬೇಕು.

* ಅತ್ತಾಗ ಉಬ್ಬಿ, ಮಲಗಿದಾಗ ಇಳಿದರೆ ಹರ್ನಿಯಾ ಇರಬಹುದು. ಉಬ್ಬು ಇಳಿಯದೆ ಮಗು ವಾಂತಿ ಮಾಡಿಕೊಂಡರೆ ಕೂಡಲೇ ಆಸ್ಪತ್ರೆಗೆ ಓಡಿ.

* ಆರು ತಿಂಗಳಾದರೂ ಬೀಜ ಚೀಲಕ್ಕೆ ಇಳಿಯದಿದ್ದರೆ ತಜ್ಞರಿಗೆ ತೋರಿಸಿ. ಆಪರೇಷನ್ ಬೇಕಾದರೆ ಒಂದೂವರೆ ವರ್ಷದೊಳಗೆ ಆಗುವುದು ಒಳ್ಳೆಯದು.

* ಇದ್ದಕ್ಕಿದ್ದಂತೆ ಜೋರು ನೋವು, ಊತ ಬಂದರೆ ಬೀಜ ತಿರುಚಿಕೊಂಡಿರಬಹುದು. ಉಳಿಸಲು ಸಿಗುವುದು ಆರು ಗಂಟೆ ಆಸುಪಾಸಿನ ಸಮಯವಷ್ಟೇ. ಬೆಳಗಾಗಲಿ ಎಂದು ಕಾಯಬೇಡಿ. ಕಾಸಿದ ಎಲೆ ಕಟ್ಟುವುದು, ತಿಕ್ಕುವುದು ಬೇಡವೇ ಬೇಡ.

ಸ್ನಾನ ಮಾಡಿಸುವಾಗ ಆಗಾಗ ಗಮನಿಸಿ. ತಾನೇ ಸ್ನಾನ ಮಾಡುವ ಹುಡುಗನಿಗೆ, ‘ಅಲ್ಲಿ ನೋವಾದರೆ ಅಮ್ಮನಿಗೋ ಅಪ್ಪನಿಗೋ ಹೇಳು, ಬಯ್ಯಲ್ಲ’ ಎಂದು ಧೈರ್ಯ ತುಂಬಿ.

ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಬರುವಾಗ ನಾದಿನಿ ಈಗ ಪಿಸುಗುಡುವುದಿಲ್ಲ. ಮೊನ್ನೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಬಾಣಂತಿಗೇ ಎಲ್ಲ ವಿವರಿಸಿ ಬಂದಳಂತೆ!