ಹೊಸ ಕಂಪ್ಯೂಟರ್ ಆನ್ ಆಗದಿದ್ದರೆ

ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಆಗದಿದ್ದರೆ ‘ಸುಟ್ಟೋಯ್ತು’ ಅಂತ ಹೆದರಬಾರದು. ಹೀಗೆ ನೋಡಬೇಕು.

1. ಅದೇ ಪ್ಲಗ್ ಪಾಯಿಂಟಿಗೆ ಬೇರೆ ದೀಪ ಹಾಕಿ, ಕರೆಂಟ್ ಇದೆಯಾ ನೋಡಬೇಕು.

2. ಹಿಂದುಗಡೆ ಎಸ್.ಎಂ.ಪಿ.ಎಸ್. ಪೆಟ್ಟಿಗೆ ಇರುತ್ತದೆ. ಅದು 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸುತ್ತದೆ. ಅದರ ಸ್ವಿಚ್ ಹಾಕಿರಬೇಕು.

3. ಪ್ಲಗ್ ಕಿತ್ತ ಮೇಲೆ, ಮದರ್‌ಬೋರ್ಡಿನ 24 ಪಿನ್ನಿನ ವೈರು ಪೂರ್ತಿ ಕೂತಿದೆಯಾ ದೊಡ್ಡವರ ಜೊತೆ ನೋಡಬೇಕು.

4. ಆನ್ ಮಾಡುವ ಬಟನ್ನಿನ ಸಣ್ಣ ವೈರು ಸರಿಯಾದ ಎರಡು ಪಿನ್ನಿಗೇ ಇರಬೇಕು.

ಯಲಹಂಕದ ನಮ್ಮ ಮಾವ ಎಸ್.ಪಿ. ರೋಡಿನಿಂದ ಸಾಮಾನು ತಂದು ಜೋಡಿಸಿದ ಕಂಪ್ಯೂಟರಿನಲ್ಲಿ ಈ ವೈರು ಪಕ್ಕದ ಪಿನ್ನಿನಲ್ಲಿತ್ತು. ಸರಿಮಾಡಿದ ಕೂಡಲೇ ಫ್ಯಾನ್ ತಿರುಗಿತು, ಹೊಸ ಬೋರ್ಡಿನ ಖರ್ಚು ಉಳಿಯಿತು.

ಎಚ್ಚರ: ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಬಿಚ್ಚಲೇಬಾರದು. ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿದ್ದು ಶಾಕ್ ಹೊಡೆಯಬಹುದು.